ಹಚ್ಚೆ ಯಾರ ಕೈಯಲ್ಲಿದೆ ಎಂಬುದರ ಮೇಲೆ

ಈ ಅಂಕಣ ಓದಿ ಫೋನು ಮಾಡುವವರು ಅಡಿಕೆ ಧಾರಣೆ, ಕೊಳೆರೋಗದ ಮಾತು ಮುಗಿದ ಮೇಲೆ ಸಾಮಾನ್ಯವಾಗಿ ಬಂದು ನಿಲ್ಲುವುದು ಮಕ್ಕಳ ಮದುವೆಯ ವಿಷಯಕ್ಕೆ. ಈಚೆಗೆ ಅದರ ನಡುವೆ ಟ್ಯಾಟೂ ಬಂದು ಸೇರಿಕೊಂಡಿದೆ. ಕಾಣಿಯೂರು ಕಡೆಯ ಹಿರಿಯರೊಬ್ಬರು ಕೇಳಿದರು: "ಹುಡುಗ ಒಳ್ಳೆಯವನೇ. ತೋಟ ಉಂಟು, ಸ್ವಂತ ಪಿಕಪ್ ಉಂಟು, ಕುಡಿಯುವುದಿಲ್ಲ. ಆದ್ರೆ ಮೊಣಕೈವರೆಗೆ ಟ್ಯಾಟೂ ಹಾಕಿಸಿದ್ದಾನೆ ಮಾರಾಯ್ರೆ. ಹೆಣ್ಣು ಕೊಡ್ಬಹುದಾ?" ಕೊಡಬಹುದೋ ಬಾರದೋ ಹೇಳುವುದಕ್ಕೆ ನಾನು ಮದುವೆ ದಲ್ಲಾಳಿಯಲ್ಲ. ಆದರೆ ಇವರ ತಂಗಿಯ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವುದು, ಅವನ ತೋಳಿನಲ್ಲೂ ಅಷ್ಟೇ ದೊಡ್ಡ ಚಿತ್ರ ಇರುವುದು ನನಗೆ ಗೊತ್ತಿತ್ತು. ನೆನಪಿಸಿದೆ. "ಅಲ್ಲಿ ಅದೆಲ್ಲ ಕಾಮನ್ ಅಲ್ವಾ, ಕಂಪೆನಿಯವರು" ಅಂದರು.

ಪಿಕಪ್ ಓಡಿಸುವವನ ಕೈಯಲ್ಲಿದ್ದರೆ ಪುಂಡಾಟ, ಲ್ಯಾಪ್‌ಟಾಪ್ ಕುಟ್ಟುವವನ ಕೈಯಲ್ಲಿದ್ದರೆ ಫ್ಯಾಷನ್. ಸುಳ್ಯದ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳಿಗೆ ಹೊರ ಊರುಗಳಿಂದ ಬರುವ ಹುಡುಗರ ಕತ್ತು, ಮುಂಗೈಗಳಲ್ಲಿ ಏನೇನೋ ಕಾಣುತ್ತದೆ. ಪೇಟೆಯ ಹೋಟೆಲಿನಲ್ಲಿ ಅವರಿಗೆ ಚಾ ಕೊಡುವಾಗ ಯಾರ ಹುಬ್ಬೂ ಏರುವುದಿಲ್ಲ. ಅದೇ ಟೇಬಲ್ ಒರೆಸುವ ಹುಡುಗನ ಮುಂಗೈಯಲ್ಲಿ ಚೇಳು ಕಂಡರೆ, ಇವನು ಎಲ್ಲಿಂದ ಓಡಿ ಬಂದವನಪ್ಪಾ ಎಂಬ ಅನುಮಾನ. ಟ್ಯಾಟೂ ನೋಡಿ ನಾವು ಮನುಷ್ಯನನ್ನು ಅಳೆಯುತ್ತೇವೆ ಎನ್ನುವುದು ಅರ್ಧ ಸತ್ಯ ಅಂತ ನನಗೆ ಅನ್ನಿಸುವುದು ಇಂಥಲ್ಲಿ. ಅಳತೆ ಮೊದಲೇ ಮುಗಿದಿರುತ್ತದೆ. ಅವನ ಕಸುಬು, ಜಾತಿ, ಧರ್ಮ, ಗಂಡೋ ಹೆಣ್ಣೋ, ಯಾವ ಕಾಲೊನಿಯವನು ಎಲ್ಲವನ್ನೂ ಲೆಕ್ಕ ಹಾಕಿ ಒಂದು ತೀರ್ಮಾನಕ್ಕೆ ಬಂದಾಗಿರುತ್ತದೆ. ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚ. ಟ್ಯಾಟೂ ಕಂಡ ಕೂಡಲೇ ಆ ಸಂಕೋಚ ಹೋಗುತ್ತದೆ.

ಹಚ್ಚೆಯೇನೂ ನಮಗೆ ಮೊನ್ನೆ ಮೊನ್ನೆ ಬಂದದ್ದಲ್ಲ. ಏಪ್ರಿಲ್‌ನಲ್ಲಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ, ಜನವರಿಯಲ್ಲಿ ಸುಳ್ಯದ ಚೆನ್ನಕೇಶವನ ಜಾತ್ರೆ, ಕುಕ್ಕೆಯ ಚಂಪಾಷಷ್ಠಿ, ಇಲ್ಲೆಲ್ಲ ಬಳೆ, ಬೆಂಡು, ಬತ್ತಾಸಿನ ಸಂತೆಯ ಕೊನೆಯಲ್ಲಿ ಬ್ಯಾಟರಿ ಮೆಷಿನು ಇಟ್ಟುಕೊಂಡು ಹಚ್ಚೆ ಹಾಕುವವರು ಕೂರುತ್ತಿದ್ದುದನ್ನು ನನ್ನ ಪ್ರಾಯದವರು ನೋಡಿದ್ದೇವೆ. ಎದುರಿಗೊಂದು ರಟ್ಟು. ಅದರಲ್ಲಿ ಓಂ, ಚೇಳು, ಹೂವಿನ ಬಳ್ಳಿ, ಹೃದಯಕ್ಕೆ ಬಾಣ. ಬೆರಳು ತೋರಿಸಿದ ಚಿತ್ರ ಐದು ನಿಮಿಷದಲ್ಲಿ ಕೈಗೆ ಇಳಿಯುತ್ತಿತ್ತು. ಅದಕ್ಕೂ ಮೊದಲಿನ ಕಾಲದಲ್ಲಿ ಮನೆ ಬಾಗಿಲಿಗೇ ಬರುತ್ತಿದ್ದವರು ಕೊರಮ ಹೆಂಗಸರು. ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲೋ ಎದೆಹಾಲಿನಲ್ಲೋ ಕಲಸಿ, ಎರಡು ಮೂರು ಸೂಜಿ ಕಟ್ಟಿದ ಕಡ್ಡಿಯಿಂದ ಚುಚ್ಚಿ, ಮೇಲಿಂದ ಅರಸಿನ ತಿಕ್ಕುತ್ತಿದ್ದರು. ನೋವು ಮರೆಯಲಿ ಅಂತ ಪಕ್ಕದಲ್ಲಿ ಹಾಡು. ಕೂಲಿ ಅಂದರೆ ಒಂದು ಸೇರು ಅಕ್ಕಿ, ಹಳೆ ಸೀರೆ, ಎಲೆಯಡಿಕೆ. ಸತ್ತಾಗ ಚಿನ್ನವನ್ನು ಸೊಸೆ ಬಿಚ್ಚಿಕೊಳ್ಳುತ್ತಾಳೆ, ಜೊತೆಗೆ ಬರುವುದು ಹಚ್ಚೆ ಮಾತ್ರ ಎಂದು ನಮ್ಮ ಕಡೆಯ ಹಳಬರೂ ಹೇಳುತ್ತಿದ್ದರು, ಘಟ್ಟದ ಮೇಲಿನವರೂ ಹೇಳುತ್ತಿದ್ದರು. ಹೀಗೆ ಹಾಕಿಸಿಕೊಂಡ ಮುದುಕಿಯರನ್ನು ರೌಡಿ ಅಂದವರು ಯಾರಿದ್ದಾರೆ? "ಅಜ್ಜಿಯ ಕೈ ನೋಡಿ, ಎಷ್ಟು ಚಂದ" ಎಂದು ಈಗಿನ ಹುಡುಗಿಯರು ಫೋಟೊ ತೆಗೆದು ಸ್ಟೇಟಸ್ ಹಾಕುತ್ತಾರೆ.

ಆದರೆ ಆ ಅಜ್ಜಿಗೆ ಸಿಕ್ಕ ಮರ್ಯಾದೆ ಅವಳಿಗೆ ಹಚ್ಚೆ ಹಾಕಿದವಳಿಗೆ ಸಿಗಲಿಲ್ಲ. 1911ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಅಡಿ ಮದ್ರಾಸ್ ಪ್ರಾಂತ್ಯದಲ್ಲಿ ಕೊರವರನ್ನು, ಅಂದರೆ ಈ ಕೊರಮರ ಬಳಗವನ್ನೇ, ಹುಟ್ಟಾ ಕಳ್ಳರ ಪಟ್ಟಿಗೆ ಸೇರಿಸಿದರು. ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಆಗ ಇದ್ದದ್ದು ಅದೇ ಪ್ರಾಂತ್ಯದಲ್ಲಿ. ಅಂಥ ಪಟ್ಟಿಯಲ್ಲಿದ್ದವರ ಹೆಸರು ಪೊಲೀಸ್ ರಿಜಿಸ್ಟರಿಗೆ ಏರಬಹುದಿತ್ತು, ಬೆರಳಚ್ಚು ಕೊಡಬೇಕಾಗಬಹುದಿತ್ತು, ಊರು ಬಿಡುವಾಗ ತಿಳಿಸಿ ಹೋಗಬೇಕಾಗಬಹುದಿತ್ತು. ಊರೂರು ತಿರುಗುವುದೇ ಕಸುಬಾಗಿದ್ದವರಿಗೆ ಇದಕ್ಕಿಂತ ದೊಡ್ಡ ಬೇಡಿ ಇಲ್ಲ. ಮದ್ರಾಸ್ ಪ್ರಾಂತ್ಯ 1947ರಲ್ಲಿ ಆ ಕಾಯ್ದೆಯನ್ನು ಕೈಬಿಟ್ಟಿತು, ದೇಶದ ಮಟ್ಟದಲ್ಲಿ ಅದು ಹೋದದ್ದು 1952ರಲ್ಲಿ. ನಮ್ಮ ಯಕ್ಷಗಾನದ ರಂಗಸ್ಥಳಕ್ಕೆ ಕೊರವಂಜಿ ಬಂದರೆ ಸಭೆ ಎದ್ದು ಕೂರುತ್ತದೆ. 1942ರಲ್ಲಿ ಬೆಂಗಳೂರಿನಲ್ಲಿ ರಾಶಿಯವರು ಹಾಸ್ಯಪತ್ರಿಕೆ ಶುರು ಮಾಡಿದಾಗ ಅವಳ ಹೆಸರನ್ನೇ ಇಟ್ಟರು. ವೇಷವಾಗಿ ಅವಳು ಬೇಕು, ಪತ್ರಿಕೆಯ ತಲೆಬರಹಕ್ಕೂ ಬೇಕು. ಸೂಜಿ, ಕಾಡಿಗೆ ಹಿಡಿದು ಅಂಗಳಕ್ಕೆ ಬಂದರೆ ಮಾತ್ರ ಮನೆಯವರು ಕೊಟ್ಟಿಗೆಯ ಕೋಳಿ ಎಣಿಸುತ್ತಿದ್ದರು.

ಹಚ್ಚೆಗೂ ಅಪರಾಧಕ್ಕೂ ಗಂಟು ಬಿದ್ದದ್ದರಲ್ಲಿ ಸರ್ಕಾರದ ಕೈಯೂ ಇದೆ ಎನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ಈಸ್ಟ್ ಇಂಡಿಯಾ ಕಂಪೆನಿ 1797ರಲ್ಲಿ ಬಂಗಾಳದಲ್ಲಿ ಒಂದು ಕಾನೂನು ತಂದಿತು. ಜೀವಾವಧಿ ಶಿಕ್ಷೆಯಾದ ಕೈದಿಯ ಹಣೆಯ ಮೇಲೆ ಅವನ ಹೆಸರು, ಅಪರಾಧ, ಶಿಕ್ಷೆಯಾದ ದಿನಾಂಕವನ್ನು ಹಚ್ಚೆಯಲ್ಲಿ ಬರೆಸುವುದು. ಗೋದನ ಅಂತ ಅದಕ್ಕೆ ಹೆಸರು. ಮದ್ರಾಸಿಗೂ ಈ ಪದ್ಧತಿ ಬಂತು. ಹೊರಗೆ ಬಂದವರು ಮುಂಡಾಸನ್ನು ಹುಬ್ಬಿನವರೆಗೆ ಇಳಿಸಿ ಕಟ್ಟಿ ಅದನ್ನು ಮುಚ್ಚಿಕೊಳ್ಳಬೇಕಾಯಿತು. 1849ರಲ್ಲಿ ಇದನ್ನು ನಿಲ್ಲಿಸಿದರು. ಅದಾಗಿ 13 ವರ್ಷಕ್ಕೆ, 1862ರಲ್ಲಿ, ಬ್ರಿಟನ್ನಿನ ಯುವರಾಜ ಜೆರುಸಲೇಮಿಗೆ ಹೋದವನು ತೋಳಿಗೆ ಶಿಲುಬೆಯ ಹಚ್ಚೆ ಹಾಕಿಸಿಕೊಂಡು ಬಂದ. ಅವನ ಮಗ 1881ರಲ್ಲಿ ಜಪಾನಿಗೆ ಹೋಗಿ ಡ್ರ್ಯಾಗನ್ ಬರೆಸಿಕೊಂಡ. ಅಪ್ಪ ಮುಂದೆ ಏಳನೇ ಎಡ್ವರ್ಡ್ ದೊರೆಯಾದ, ಮಗ ಐದನೇ ಜಾರ್ಜ್. ಹಚ್ಚೆ ಹಾಕುವ ಕೊರವರನ್ನು ಕಳ್ಳರೆಂದು ಪಟ್ಟಿ ಮಾಡಿಸಿದ 1911ರ ಕಾಯ್ದೆ ಬಂದದ್ದು ಡ್ರ್ಯಾಗನ್ ತೋಳಿನ ಈ ಐದನೇ ಜಾರ್ಜನ ಕಾಲದಲ್ಲೇ! ಕೈದಿಯ ಹಣೆಗೆ ಒಂದು ಅರ್ಥ, ದೊರೆಯ ತೋಳಿಗೆ ಇನ್ನೊಂದು. ಕಾಣಿಯೂರಿನ ಹಿರಿಯರೊಬ್ಬರನ್ನೇ ದೂರಿ ಏನು ಪ್ರಯೋಜನ?

ನಮ್ಮ ಕಡೆ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಬಳಿಕ ಶ್ರೀಲಂಕಾದ ಚಹಾ ತೋಟಗಳಿಂದ ಹಿಂದೆ ಬಂದ ತಮಿಳು ಕುಟುಂಬಗಳಲ್ಲಿ ಹಲವು ಸುಳ್ಯ, ಪುತ್ತೂರು ಭಾಗದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಬಂದು ನೆಲೆಸಿದವು. ಆ ಕಾಲೊನಿಗಳ ಮುದುಕಿಯರ ಮುಂಗೈಯಲ್ಲಿ ಹಸಿರು ಚುಕ್ಕಿ, ಕೋಲದ ಗೆರೆ, ಕೆಲವರಿಗೆ ಗಂಡನ ಹೆಸರು ತಮಿಳು ಅಕ್ಷರಗಳಲ್ಲಿ. ಬೆಳಗಿನ ಜಾವ ರಬ್ಬರ್ ಕೆತ್ತಿ, ಹಾಲು ಎತ್ತಿ ತೂಕಕ್ಕೆ ಕೊಟ್ಟು, ಬಸ್ಸು ಹತ್ತಿದ ಒಬ್ಬ ಅಮ್ಮನ ಪಕ್ಕ ಒಮ್ಮೆ ಕೂತಿದ್ದೆ. ಕೈಯ ಮೇಲೆ ಒಣಗಿದ ರಬ್ಬರ್ ಹಾಲಿನ ಪೊರೆ, ಅದರಡಿ ಅಳಿಸಿ ಹೋದಂತಿದ್ದ ಒಂದು ನವಿಲು. ಆ ನವಿಲನ್ನು ಯಾರು ಬರೆದರು ಅಂತ ಕೇಳಿದೆ. ತೋಟಕ್ಕೆ ಬರುತ್ತಿದ್ದ ಹೆಂಗಸು, ಅಲ್ಲಿ, ಕಂಡಿಯಲ್ಲಿ, ಮದುವೆಗೆ ಮೊದಲು ಅಂದರು. ಎದುರು ಸೀಟಿನ ಇಬ್ಬರು ತುಳುವಿನಲ್ಲಿ "ಕಾಲೊನಿಯವರು" ಅಂತ ಮಾತಾಡಿಕೊಂಡರು. ಅದೇ ನವಿಲು ನಮ್ಮ ಮನೆಯ ಅಜ್ಜಿಯ ಕೈಯಲ್ಲಿದ್ದಿದ್ದರೆ ಹಳೆಯ ಕಾಲದ ಕಲೆ ಅನ್ನಿಸಿಕೊಳ್ಳುತ್ತಿತ್ತು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ತೀರ್ಪು ಇನ್ನೂ ಬೇಗ. ಹುಡುಗನ ಟ್ಯಾಟೂ ನೋಡಿ ಏನು ಹಾಕಿಸಿದ್ದಾನೆ ಅಂತ ಕೇಳುವವರು ಹುಡುಗಿಯದ್ದಾದರೆ ಎಲ್ಲಿ ಹಾಕಿಸಿದ್ದಾಳೆ, ಯಾರ ಎದುರು ಕೂತು ಹಾಕಿಸಿದಳು, ಹಾಕಿದವನು ಗಂಡಸಾ ಅಂತ ಕೇಳುತ್ತಾರೆ. ಕಿವಿಯ ಹಿಂದೆ ಒಂದು ಚಿಟ್ಟೆ ಇದ್ದರೂ ಸಾಕು, ಅವಳ ಇಡೀ ಚಾರಿತ್ರ್ಯ ಅದರ ರೆಕ್ಕೆ ಹತ್ತಿ ಊರು ಸುತ್ತಿ ಬರುತ್ತದೆ. ನನಗೆ ಗೊತ್ತಿರುವ ಒಬ್ಬಳು ಮಣಿಕಟ್ಟಿನಲ್ಲಿ ತೀರಿಹೋದ ತಮ್ಮನ ಹೆಸರು ಹಾಕಿಸಿಕೊಂಡಿದ್ದಾಳೆ. ಹುಡುಗನ ಕಡೆಯವರು ನೋಡಲು ಬಂದಾಗ ಅತ್ತೆಯೊಬ್ಬರು ಬಳೆ ಜಾಸ್ತಿ ಹಾಕಿಸಿ ಅದನ್ನು ಮುಚ್ಚಿಸಿದರಂತೆ, "ಗಂಡಿನ ಹೆಸರು ಕಂಡರೆ ಯಾರದ್ದು ಅಂತ ಕೇಳ್ತಾರೆ ಮಗಾ" ಅಂತ. ಆ ಅತ್ತೆಯ ಲೋಕಜ್ಞಾನಕ್ಕೆ ಕೈ ಮುಗಿಯಬೇಕು. ಮದುವೆಯ ಹಿಂದಿನ ದಿನ ಮೊಣಕೈವರೆಗೆ ಮದರಂಗಿ ಬಳಿದು ಅದರೊಳಗೆ ಗಂಡನ ಹೆಸರು ಹುದುಗಿಸಿ ಹುಡುಕಿಸುವ ಆಟ ಮಾತ್ರ ಎಲ್ಲರಿಗೂ ಇಷ್ಟ.

ಮತ, ಧರ್ಮದ ಲೆಕ್ಕವೂ ಬೇರೆ ಬೇರೆ ಇದೆ. ಬ್ಯಾರಿ ಮನೆಗಳಲ್ಲಿ ಮದರಂಗಿ ಬೇಕೇ ಬೇಕು, ಟ್ಯಾಟೂ ಮಾತ್ರ ಕೂಡದು ಎನ್ನುವುದು ಹೆಚ್ಚಿನ ಗುರುಗಳ ಮಾತು. ಅಲ್ಲಿನ ಹುಡುಗನೊಬ್ಬ ಹಾಕಿಸಿಕೊಂಡರೆ ಮನೆಯಲ್ಲಿ ಅವನು ಧರ್ಮ ಬಿಟ್ಟವನು, ಹೊರಗೆ ಬೇರೆಯವರ ಕಣ್ಣಿಗೆ ಪುಂಡ, ಎರಡೂ ಕಡೆ ಬೈಗಳು. ನೆಲ್ಯಾಡಿ, ಕಡಬ ಕಡೆ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಮನೆಗಳ ಹಿರಿಯರು ಹಳೆ ಒಡಂಬಡಿಕೆಯ ಯಾಜಕಕಾಂಡದ 19ನೇ ಅಧ್ಯಾಯ ತೋರಿಸುತ್ತಾರೆ. ಹಿಂದೂ ಮನೆಗಳಲ್ಲಿ ತಕರಾರು ಚಿತ್ರದ ಬಗ್ಗೆ ಕಡಿಮೆ, ಜಾಗದ ಬಗ್ಗೆ ಹೆಚ್ಚು: ದೇವರು ಸೊಂಟದಿಂದ ಕೆಳಗೆ ಇಳಿಯಬಾರದು. ಇದರಲ್ಲಿ ಏನೇನಾಗಬಹುದು ಅಂತ 2015ರ ಅಕ್ಟೋಬರ್‌ನಲ್ಲಿ ಬೆಂಗಳೂರು ನೋಡಿತು. ಮೊಣಕಾಲ ಕೆಳಗೆ ಯಲ್ಲಮ್ಮನ ಹಚ್ಚೆ ಹಾಕಿಸಿಕೊಂಡಿದ್ದ ಆಸ್ಟ್ರೇಲಿಯಾದ ಯುವಕನೊಬ್ಬನನ್ನು ಹೋಟೆಲಿನಲ್ಲಿ ಒಂದು ಗುಂಪು ಸುತ್ತುವರಿಯಿತು. ಕೊನೆಗೆ ಪೊಲೀಸ್ ಠಾಣೆಯಲ್ಲಿ ಅವನಿಂದಲೇ ಕ್ಷಮಾಪಣೆ ಬರೆಸಿಕೊಂಡರು. ಹಿಂದೂ ದೇವರ ಮೇಲಿನ ಗೌರವದಿಂದಲೇ ಹಾಕಿಸಿಕೊಂಡದ್ದು ಅಂತ ಅವನು ಹೇಳಿದ. ಕೇಳುವವರಿರಲಿಲ್ಲ. ಇತ್ತ ಛತ್ತೀಸಗಢದ ರಾಮನಾಮಿಗಳನ್ನು ನೋಡಿ. ಗುಡಿಯೊಳಗೆ ಬಿಡಲಿಲ್ಲ ಅಂತ 19ನೇ ಶತಮಾನದ ಕೊನೆಯಲ್ಲಿ ರಾಮ ರಾಮ ಎಂದು ಮೈ ತುಂಬ ಬರೆಸಿಕೊಳ್ಳಲು ಶುರು ಮಾಡಿದ ಜನ ಅವರು. ರೆಪ್ಪೆಯ ಮೇಲೂ ರಾಮ. ಯಾವ ಅಂಗಕ್ಕೆ ಯಾವ ದೇವರು ಸಲ್ಲುತ್ತದೆ ಎನ್ನುವ ಶಾಸ್ತ್ರಕ್ಕೆ ಅವರು ಕೊಟ್ಟ ಉತ್ತರ ಅದು.

ನಮ್ಮಲ್ಲೂ ದೈವದ ಮುಖ ತೋಳಿಗೆ ಏರಿದೆ. 2022ರಲ್ಲಿ 'ಕಾಂತಾರ' ಬಂದ ಮೇಲೆ ಇದು ಇನ್ನಷ್ಟು ಕಣ್ಣಿಗೆ ಬೀಳತೊಡಗಿತು. ಪಂಜುರ್ಲಿ, ಗುಳಿಗ, ಎಲ್ಲಕ್ಕಿಂತ ಹೆಚ್ಚಾಗಿ ಗಡ್ಡ, ಮುಟ್ಟಾಳೆಯ ಕೊರಗಜ್ಜ. ಸೂತಕದಲ್ಲಿ, ಬಾರಿನಲ್ಲಿ, ಮೀನು ಮಾರುಕಟ್ಟೆಯಲ್ಲಿ ದೈವವನ್ನು ಹೊತ್ತು ತಿರುಗುವುದು ಸರಿಯಾ ಅಂತ ದೈವದ ಚಾಕರಿಯವರು ಕೇಳುವ ಪ್ರಶ್ನೆಯಲ್ಲಿ ಅರ್ಥವಿದೆ. ದೈವಕ್ಕೆ ಅದರದ್ದೇ ಆದ ಕಟ್ಟುಕಟ್ಟಳೆ ಉಂಟು, ಹಾಗಾಗಿ ನಾನು ಆ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ನನಗೆ ಕಿರಿಕಿರಿಯಾಗುವುದು ಬೇರೊಂದು ಕಡೆ. ಕೈಯಲ್ಲಿ ಓಂ, ಕೇಸರಿ, ಹುಲಿ, ಚಂದ್ರ, ಶಿಲುಬೆ ಏನೇ ಕಾಣಲಿ, ಇವನು ಯಾವ ಪಕ್ಷ, ಯಾವ ಸಂಘಟನೆ, ಯಾವ ಗಲಾಟೆಯಲ್ಲಿದ್ದವನು ಅಂತ ಲೆಕ್ಕ ಹಾಕುವ ಚಾಳಿ ನಮ್ಮ ಕಡೆ ಬೇರೂರಿಬಿಟ್ಟಿದೆ. ಹುಲಿ ಹಾಕಿಸಿಕೊಂಡವನಿಗೆ ನವರಾತ್ರಿಯ ಪಿಲಿನಲಿಕೆಯ ಹುಚ್ಚು ಇರಬಹುದು, ಅಷ್ಟೇ. ಕೇಳಿದರೆ ಹೇಳುತ್ತಾನೆ. ಕೇಳುವ ಪುರುಸೊತ್ತು ಯಾರಿಗುಂಟು?

ಪುತ್ತೂರಿನಲ್ಲಿ ಮಹಡಿಯ ಮೇಲೆ ಸಣ್ಣದೊಂದು ಕೋಣೆಯಲ್ಲಿ ಟ್ಯಾಟೂ ಹಾಕುವ ಹುಡುಗನೊಬ್ಬನಿದ್ದಾನೆ. ಮಾತಾಡಿಸಲು ಹೋಗಿದ್ದೆ. ಗಿರಾಕಿಯಾಗಿ ಬಂದಿದ್ದವನು ಕುಂಬ್ರ ಕಡೆಯ ಕೊಟ್ಟಿಗೆ ಕಟ್ಟುವ ಮೇಸ್ತ್ರಿ, ಪ್ರಾಯ ನಲವತ್ತು ದಾಟಿದವನು, ಮಗಳ ಹೆಸರು ಹಾಕಿಸಲು ಬಂದಿದ್ದ. ಮೊದಲು ಕೈಯ ರೋಮ ಬೋಳಿಸಿ, ಸ್ಪಿರಿಟ್ ಹಚ್ಚಿ, ನೇರಳೆ ಬಣ್ಣದ ಕಾಗದದಿಂದ ಅಕ್ಷರದ ಅಚ್ಚು ಇಳಿಸಿದ. ಹೊಸ ಸೂಜಿಯ ಪ್ಯಾಕೆಟ್ಟನ್ನು ಗಿರಾಕಿಯ ಕಣ್ಣೆದುರೇ ಹರಿದ. ಬೆರಳ ಗಂಟಿನಷ್ಟು ದೊಡ್ಡ ಪ್ಲಾಸ್ಟಿಕ್ ಬಟ್ಟಲಿಗೆ ಕಪ್ಪು ಶಾಯಿ ಐದಾರು ಹನಿ. ಮೆಷಿನು ಶುರುವಾದಾಗ ಬಾಟಲಿಯೊಳಗೆ ಸಿಕ್ಕಿಬಿದ್ದ ದುಂಬಿಯ ಸದ್ದು. ಒಂದು ಗೆರೆ, ಒಂದು ಒರೆಸು, ಮತ್ತೆ ವ್ಯಾಸಲೀನು, ಮತ್ತೆ ಗೆರೆ. ಸಿಮೆಂಟು, ಜಲ್ಲಿ ಎತ್ತಿ ಗಟ್ಟಿಯಾದ ಕೈ, ಆದರೂ ಮೇಸ್ತ್ರಿ ಎರಡನೇ ಅಕ್ಷರಕ್ಕೆ ಹಲ್ಲು ಕಚ್ಚಿದ. "ಅಣ್ಣಾ, ಕೈ ಅಲ್ಲಾಡಿಸಬೇಡಿ, ದೀರ್ಘ ವಕ್ರ ಆಗ್ತದೆ" ಅಂತ ಹುಡುಗ. ಮುಗಿದ ಮೇಲೆ ಪ್ಲಾಸ್ಟಿಕ್ ಸುತ್ತಿ, ವಾರ ಕಾಲ ಸಿಮೆಂಟು ಮುಟ್ಟಬೇಡಿ ಅಂದ. ಮೇಸ್ತ್ರಿ ನಕ್ಕ. ವಾರಕಾಲ ಸಿಮೆಂಟು ಮುಟ್ಟದಿದ್ದರೆ ಮಗಳ ಫೀಸು ಕಟ್ಟುವುದು ಯಾರು?

ಹೆಚ್ಚಿನವರು ಏನು ಕೇಳುತ್ತಾರೆ ಅಂದೆ. ಅಮ್ಮ, ಅಪ್ಪ, ಮಕ್ಕಳ ಹುಟ್ಟಿದ ದಿನ, ಶಿವ, ಕೊರಗಜ್ಜ, ಯಕ್ಷಗಾನದ ಕಿರೀಟ. ಹುಡುಗಿಯ ಹೆಸರು ಹಾಕಿಸಲು ಬಂದವರಿಗೆ ಇವನೇ ಒಂದು ತಿಂಗಳು ಬಿಟ್ಟು ಬನ್ನಿ ಅಂತ ಕಳಿಸುತ್ತಾನಂತೆ. ಅರ್ಧದಷ್ಟು ಮಂದಿ ಮತ್ತೆ ಬರುವುದಿಲ್ಲ. ತಲೆಬುರುಡೆ, ಕತ್ತಿ, ರಕ್ತದ ಚಿತ್ರ ಕೇಳುವವರು ಬೆರಳೆಣಿಕೆಯಷ್ಟು. ಊರು ಹೆದರುವ ರೌಡಿ ಇವನ ಅಂಗಡಿಗೆ ಬಂದದ್ದೇ ಇಲ್ಲ. ಬರುವವರು ಹೆಚ್ಚಾಗಿ ಅಮ್ಮನನ್ನು ಕಳಕೊಂಡವರು, ಹೊಸದಾಗಿ ಅಪ್ಪನಾದವರು.

ಶಾಯಿ ಉಳಿಯುವುದು ಹೇಗೆ ಎನ್ನುವುದು ಸ್ವಾರಸ್ಯದ ಸಂಗತಿ. ಸೂಜಿ ಮೇಲುಚರ್ಮವನ್ನು ದಾಟಿ ಒಳಚರ್ಮಕ್ಕೆ ಬಣ್ಣ ಬಿಡುತ್ತದೆ. ಹೊರಗಿನದ್ದೇನೋ ಒಳಗೆ ಬಂತು ಅಂತ ನಮ್ಮ ರಕ್ಷಣಾ ಕೋಶಗಳು ಓಡಿ ಬಂದು ಅದನ್ನು ನುಂಗುತ್ತವೆ, ಆದರೆ ಕರಗಿಸಲಾರವು. ನುಂಗಿದ ಕೋಶ ಸತ್ತಾಗ ಹೊರಬೀಳುವ ಬಣ್ಣವನ್ನು ಪಕ್ಕದ ಹೊಸ ಕೋಶ ನುಂಗುತ್ತದೆ ಅಂತ 2018ರಲ್ಲಿ ಫ್ರಾನ್ಸಿನ ಮಾರ್ಸೇಯ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಹಾಗಾಗಿ ಟ್ಯಾಟೂ ಅಂದರೆ ದೇಹ ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತಲೇ ಇರುವ ಒಂದು ಬಾಕಿ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಸುಮಾರು 5300 ವರ್ಷ ಹಿಂದಿನ ಓಟ್ಸಿ ಎಂಬ ಮನುಷ್ಯನ ಶವದ ಮೈಮೇಲೆ 61 ಹಚ್ಚೆಗಳು ಈಗಲೂ ಕಾಣುತ್ತವೆ.

ನಾವು ನಿಜಕ್ಕೂ ಕೇಳಬೇಕಾದ ಪ್ರಶ್ನೆಗಳು ಇಲ್ಲಿವೆ, ಆದರೆ ಅವು ಸ್ವಭಾವದ ಪ್ರಶ್ನೆಗಳಲ್ಲ. ಸೂಜಿ ಹೊಸದೇ? ಶಾಯಿ ಎಲ್ಲಿಯದು? ಜಾತ್ರೆಯ ಬ್ಯಾಟರಿ ಮೆಷಿನಿನಲ್ಲಿ ಒಂದೇ ಸೂಜಿ ಎಷ್ಟು ಕೈಗಳನ್ನು ಕಂಡಿತೋ ಯಾರು ಲೆಕ್ಕ ಇಟ್ಟಿದ್ದಾರೆ? ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡಬಹುದಾದ ದಾರಿ ಅದು. ಶಾಯಿಯಲ್ಲಿ ಲೋಹಗಳಿರುವ ಬಗ್ಗೆ 2025ರಲ್ಲಿ ರಾಜ್ಯದ ಆರೋಗ್ಯ ಸಚಿವರೇ ಕಳವಳ ಹೇಳಿ, ಇದಕ್ಕೊಂದು ಮಾನದಂಡ ಬೇಕೆಂದು ಕೇಂದ್ರವನ್ನು ಕೇಳುವುದಾಗಿ ಹೇಳಿದರು. ಸೋಂಕಿನ ಭಯದಿಂದಲೇ ನಮ್ಮ ದೇಶದ ರಕ್ತನಿಧಿಗಳು ಹಚ್ಚೆ ಹಾಕಿಸಿಕೊಂಡವರ ರಕ್ತವನ್ನು 12 ತಿಂಗಳು ತೆಗೆದುಕೊಳ್ಳುವುದಿಲ್ಲ. ಆಮೇಲೆ ಧಾರಾಳವಾಗಿ ಕೊಡಬಹುದು. ಈ ಕೊನೆಯ ವಾಕ್ಯ ಮಾತ್ರ ಊರಿಗೆ ತಲುಪಿಲ್ಲ. ಒಂದು ರಕ್ತದಾನ ಶಿಬಿರದಲ್ಲಿ ಬೆಳಗ್ಗಿನಿಂದ ಕುರ್ಚಿ ಜೋಡಿಸಿ, ಜ್ಯೂಸು ತಂದಿಟ್ಟು, ಬೈಕಿನಲ್ಲಿ ಜನ ಕರೆತಂದ ಹುಡುಗನೇ ಕೊನೆಗೆ ಮಲಗಲು ಹೋದಾಗ ನರ್ಸ್ ಅವನ ಹೊಸ ಟ್ಯಾಟೂ ನೋಡಿ ಮುಂದಿನ ವರ್ಷ ಬನ್ನಿ ಅಂದರು. ಅವರು ಹೇಳಿದ್ದು ನಿಯಮ. ಸಾಲಿನಲ್ಲಿದ್ದವರಿಗೆ ಕೇಳಿಸಿದ್ದು ಬೇರೆಯೇ. ಮಧ್ಯಾಹ್ನದ ಊಟದ ಹೊತ್ತಿಗೆ "ಅವನಿಗೆ ಎಂತದೋ ಕಾಯಿಲೆ ಉಂಟಂತೆ" ಅಂತ ಸುದ್ದಿ ಎಲೆಯಿಂದ ಎಲೆಗೆ ದಾಟಿತು. ಅದೇ ವರ್ಷ ಮಲೇರಿಯಾ ಬಂದಿತ್ತೆಂದು ವಾಪಸು ಹೋದ ಮೇಷ್ಟ್ರ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಸೇನೆ, ಪೊಲೀಸ್ ಸೇರಬೇಕೆನ್ನುವ ಹುಡುಗರದ್ದು ನಿಜವಾದ ಪೇಚಾಟ. ಇಲ್ಲಿ ನಿಯಮ ಇದೆ, ಅಭಿಪ್ರಾಯಕ್ಕೆ ಜಾಗವಿಲ್ಲ. ಭೂಸೇನೆ ಮೊಣಕೈಯಿಂದ ಮಣಿಕಟ್ಟಿನವರೆಗೆ ತೋಳಿನ ಒಳಬದಿಯಲ್ಲಿ ಮತ್ತು ಅಂಗೈಯ ಹಿಂಭಾಗದಲ್ಲಿ ಶಾಶ್ವತ ಹಚ್ಚೆ ಒಪ್ಪುತ್ತದೆ. ಬುಡಕಟ್ಟು ಸಮುದಾಯದವರಿಗೆ ಅವರ ಸಂಪ್ರದಾಯದ ಪ್ರಕಾರ ವಿನಾಯಿತಿ ಇದೆ. ಕೇಂದ್ರ ಸಶಸ್ತ್ರ ಪಡೆಗಳ ನೇಮಕಾತಿಯಲ್ಲಿ ಧಾರ್ಮಿಕ ಚಿಹ್ನೆ ಅಥವಾ ಹೆಸರಿಗೆ ಅವಕಾಶ. ಅದೂ ಎಡ ಮುಂಗೈಯ ಒಳಬದಿಯಲ್ಲಿ ಅಥವಾ ಅಂಗೈಯ ಹಿಂಭಾಗದಲ್ಲಿ, ಆ ಭಾಗದ ಕಾಲು ಅಂಶಕ್ಕಿಂತ ಚಿಕ್ಕದಾಗಿ. ಸೆಲ್ಯೂಟ್ ಹೊಡೆಯುವುದು ಬಲಗೈಯಲ್ಲಿ, ಆದ್ದರಿಂದ ಆ ಮುಂಗೈ ಬರಿದಾಗಿರಬೇಕು. ಬಲಗೈಯ ಹಚ್ಚೆ ಅಳಿಸಿ ಮಾಸಲು ಗುರುತು ಮಾತ್ರ ಉಳಿದಿದ್ದ ಅಭ್ಯರ್ಥಿಯನ್ನು ದೆಹಲಿ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಅನರ್ಹ ಎಂದಾಗ 2024ರಲ್ಲಿ ದೆಹಲಿ ಹೈಕೋರ್ಟ್ ಅವನ ಪರ ನಿಂತಿತು.

ಆದರೆ ಎಲ್ಲರಿಗೂ ಹೈಕೋರ್ಟಿಗೆ ಹೋಗಲಾಗುವುದಿಲ್ಲ. ನೇಮಕಾತಿ ರ‍್ಯಾಲಿಯ ದಿನ ಹತ್ತಿರವಾದಾಗ ಮನೆಮದ್ದಿಗೆ ಕೈ ಹಾಕುತ್ತಾರೆ. ಜಾಲ್ಸೂರು ಕಡೆಯ ಹುಡುಗನೊಬ್ಬ ಬಲಗೈಯ ಚೇಳನ್ನು ತೆಗೆಯಲು ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿಕೊಂಡ. ಗೇರು ಸಂಶೋಧನಾ ನಿರ್ದೇಶನಾಲಯವೇ ಇರುವ ಸೀಮೆಯಲ್ಲಿ ಆ ಎಣ್ಣೆ ಚರ್ಮವನ್ನು ಏನು ಮಾಡುತ್ತದೆ ಅಂತ ಹೇಳಿಕೊಡಬೇಕಾಗಿ ಬಂತಲ್ಲ! ಚರ್ಮ ಸುಟ್ಟು ಬೊಬ್ಬೆ ಎದ್ದಿತು, ಕೀವಾಯಿತು. ಚೇಳು ಹೋಗಲಿಲ್ಲ, ಅದರ ಕೊಂಡಿ ಸ್ವಲ್ಪ ದಪ್ಪವಾಯಿತು. ಅವನು ಅದನ್ನು ಹಾಕಿಸಿಕೊಂಡದ್ದು ಎಂಟನೇ ಕ್ಲಾಸಿನಲ್ಲಿ, ಜಾತ್ರೆಯಲ್ಲಿ, ಗೆಳೆಯರ ಜೊತೆ ಪಂಥ ಕಟ್ಟಿ. ಈಗ ಪೂರ್ತಿ ತೋಳಿನ ಅಂಗಿ ಹಾಕಿಕೊಂಡೇ ಇರುತ್ತಾನೆ. ಏಪ್ರಿಲ್ ಬಿಸಿಲಿನಲ್ಲೂ ಅಂಗಿಯ ತೋಳು ಮಡಿಚದ್ದನ್ನು ಕಂಡು ಅದಕ್ಕೊಂದು ಬೇರೆ ಕತೆ ಕಟ್ಟಿದವರೂ ಇದ್ದಾರೆ.

ಕಳೆದ ವಾರ ಬೆಳ್ಳಾರೆಯ ಒಬ್ಬರು ತಾಯಿ ಮಾತಾಡಿದರು. ಮಗಳಿಗೆ 19 ವರ್ಷ, ಡಿಗ್ರಿ ಓದುತ್ತಿದ್ದಾಳೆ, ಮಣಿಕಟ್ಟಿಗೆ ಪುಟ್ಟ ಸಂಪಿಗೆ ಹೂವು ಹಾಕಿಸುತ್ತೇನೆಂದು ಹಟ. "ನಾನೇನು ಹೇಳಲಿ ಅಣ್ಣಾ? ನಾಳೆ ಜನ ಏನಾದ್ರೂ ಹೇಳಿದ್ರೆ?" ನಾನು ಅವರಿಗೆ ಅಂಗಡಿಯಲ್ಲಿ ಏನೇನು ನೋಡಬೇಕು ಅಂತ ಮೊದಲು ಹೇಳಿದೆ. ಸೂಜಿಯ ಪ್ಯಾಕೆಟ್ಟು ನಿಮ್ಮೆದುರು ಒಡೆಯಲಿ, ಶಾಯಿಯ ಬಾಟಲಿಯ ಮೇಲಿನ ಹೆಸರು, ಅವಧಿ ಓದಿ, ಅಲರ್ಜಿ ಅಥವಾ ಚರ್ಮದ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ, ಒಂದು ವರ್ಷ ರಕ್ತ ಕೊಡಲಾಗುವುದಿಲ್ಲ ಅಂತ ಅವಳಿಗೆ ಗೊತ್ತಿರಲಿ. ಮುಂದೆ ಯಾವ ಕೆಲಸಕ್ಕೆ ಹೋಗುವ ಆಸೆ ಅಂತ ಕೇಳಿದೆ. ಪೊಲೀಸ್ ಇನ್‌ಸ್ಪೆಕ್ಟರ್ ಆಗಬೇಕಂತೆ. ಹಾಗಾದರೆ ನೇಮಕಾತಿ ಪ್ರಕಟಣೆಯ ವೈದ್ಯಕೀಯ ನಿಯಮ ಓದಿ, ಆಮೇಲೆ ಎಡಗೈಯೋ ಅಥವಾ ಹೂವೇ ಬೇಡವೋ ಅಂತ ಅವಳೇ ತೀರ್ಮಾನಿಸಲಿ ಅಂದೆ. ಜನರ ಬಗ್ಗೆ ಅವರು ಮತ್ತೆ ಕೇಳಿದರು. ನಿಮ್ಮ ಅತ್ತೆಯ ಕೈಯಲ್ಲಿ ಹಚ್ಚೆ ಇತ್ತಾ ಅಂತ ಕೇಳಿದೆ. ಎರಡೂ ಕೈಯಲ್ಲಿ ಇತ್ತು, ಬಳ್ಳಿ, ಮೊಣಕೈವರೆಗೆ, ಅಂದರು. ಆಗ ಜನ ಏನು ಹೇಳುತ್ತಿದ್ದರು ಅಂತ ಮಗಳಿಗೆ ನೀವೇ ಹೇಳಿ ಅಂದೆ. ಸಂಪಿಗೆಯ ಬಣ್ಣ ತುಂಬಿಸುವುದಾದರೆ ರೇಟು ಜಾಸ್ತಿಯಂತೆ, ಗೆರೆ ಮಾತ್ರ ಸಾಕಾ ಅಂತ ಅವರ ಮುಂದಿನ ಪ್ರಶ್ನೆ.